ಬಕೆಟ್ಟಿನ ಹೊಕ್ಕುಳು

ಮೊದಲ ತರಗತಿ. ಕ್ವರೆಜ್ಮ ಮೇಷ್ಟ್ರು
ಕೆಂಪು ಬಕೆಟ್ಟೊಂದನ್ನು ಮೇಜಿನ ಮೇಲೆ ಬೋರಲು ಹಾಕಿ
ಓದಿ, ಎಂದರು.
ನಕ್ಕೆವು. ಹಿಂದಿನ ಬೆಂಚಿನ ವಲೆಂತಿಂ ಜೋರಾಗಿಯೇ ನಕ್ಕ.
ಅಕ್ಷರವೇ ಇಲ್ಲದ್ದನ್ನು ಓದುವುದು ಹೇಗೆ?

ಕಿಟಕಿಯಾಚೆ ಮರೀನ್ಯ ಗ್ರಾಂದಿಯ ಅಕ್ಟೋಬರು.
ಏಳು ವರ್ಷದ ಕೆಳಗೆ ಬೆಂದ ಪೈನ್ ಕಾಡು
ಈಗ ಆಳೆತ್ತರ.

ಕಣ್ಣು ಬೇಡ, ಬೆರಳಿಡಿ, ಎಂದರು ಮೇಷ್ಟ್ರು.
ಬಾಯಂಚಿನಲ್ಲಿ ಕೂದಲೆಳೆಯಷ್ಟು ಗೆರೆ ತಗುಲಿತು:
ಅಚ್ಚಿನ ಗಂಡು ಹೆಣ್ಣು ಹೋಳುಗಳು ಕೂಡಿದ್ದು ಇಲ್ಲಿ.
ನೆಟ್ಟಗಿದೆ ಅಂದುಕೊಂಡ ಗೋಡೆ ನೆಟ್ಟಗಿಲ್ಲ,
ಒಂದೆರಡು ಡಿಗ್ರಿ ವಾಲಿದೆ.
ವಾಲದಿದ್ದರೆ ಅದು
ಹಡೆದ ಅಚ್ಚನ್ನು ಬಿಟ್ಟು ಬರುವುದೇ ಇಲ್ಲ.
ಅಕ್ಕಿಯಂಥ ಹರಳುಗಳನ್ನು ಸುರಿದು
ಇನ್ನೂರಿಪ್ಪತ್ತು ಡಿಗ್ರಿಯಲ್ಲಿ ಜೇನಾಗಿಸಿ
ತಿರುಪೊಂದು ತಿರುಗುತ್ತ ಒಳಗೆ ನೂಕುತ್ತದಂತೆ.
ತಳದ ನಟ್ಟನಡುವೆ ಈ ಗುಬುಟು ಇದೆಯಲ್ಲ,
ನುಗ್ಗಿದ ಬಾಗಿಲು ಇದೇ. ಹೆಸರು ಗೇಟ್. ಬರೆದುಕೊಳ್ಳಿ.

ನಾನು ಬಾಯಿ ಬಿಡಲಿಲ್ಲ.
ನಮ್ಮ ಮನೆಯಲ್ಲಿ ಅದಕ್ಕೆ ಹೊಕ್ಕುಳು ಅನ್ನುತ್ತಿದ್ದರು.

ಅಮ್ಮ, ದೆಯೊಲಿಂದ, ಇಪ್ಪತ್ತೆರಡು ವರ್ಷ
ನಾಲ್ಕನೇ ನಂಬರಿನ ಯಂತ್ರದ ಮುಂದೆ ನಿಂತವಳು.
ಅಚ್ಚು ಬಾಯಿ ತೆರೆದಾಗಲೆಲ್ಲ ಬಿಸಿ ಬಕೆಟ್ಟನ್ನೆತ್ತಿ
ಬಾಗಿದ ಚಾಕುವಿನಲ್ಲಿ ಅಂಚು ಹೆರೆದವಳು.
ಪುಸ್ತಕದಲ್ಲಿ ಅದು ಫ್ಲ್ಯಾಷ್,
ಅವಳಿಗೆ ಗಡ್ಡ.
ಇವತ್ತು ಗಡ್ಡ ಬಹಳ, ಅಚ್ಚು ಸವೆದಿದೆ, ಎನ್ನುತ್ತ
ರಾತ್ರಿ ಪಾಳಿ ಮುಗಿಸಿ ಬಂದು
ಸೂಪಿನ ಮುಂದೆ ತೂಕಡಿಸುವಳು.
ಹದಿನೆಂಟು ಸೆಕೆಂಡಿಗೊಂದು ಬಕೆಟ್ಟು,
ಎಂಟು ಗಂಟೆಗೆ ಸಾವಿರದ ಆರುನೂರು:
ಇದು ನಮಗೆ ಕೊಟ್ಟ ಮನೆಲೆಕ್ಕ.
ಇಪ್ಪತ್ತೆರಡು ವರ್ಷದಿಂದ ಗುಣಿಸಬಹುದಿತ್ತು.
ಗುಣಿಸಲಿಲ್ಲ.

ಆ ವಾರವೆಲ್ಲ ಮನೆಯ ಸಾಮಾನು ಬೋರಲು ಬಿತ್ತು.
ಕುರ್ಚಿ, ಸೋಪಿನ ಡಬ್ಬಿ, ಬಟ್ಟೆಯ ಕ್ಲಿಪ್ಪು,
ಬೆಕ್ಕಿನ ತಟ್ಟೆ (ಬೆಕ್ಕಿಗೆ ಸಿಟ್ಟು ಬಂತು).
ಕೆಲವದರ ತಳದಲ್ಲಿ ಒಂದು ಪುಟ್ಟ ಗಡಿಯಾರ:
ಸುತ್ತ ಹನ್ನೆರಡು ತಿಂಗಳು, ನಡುವೆ ವರ್ಷ,
ಓಡದ ಒಂದೇ ಮುಳ್ಳು,
ಹುಟ್ಟಿದ ತಿಂಗಳು ತೋರಿಸಿ ನಿಂತುಬಿಟ್ಟದ್ದು.

ಕೊನೆಗೆ ಅಟ್ಟದಿಂದ ಇಳಿಸಿದ್ದು ನೀಲಿ ತೊಟ್ಟಿ,
ಮಗುವಾಗಿದ್ದಾಗ ನನಗೆ ಎರೆದದ್ದು,
ಫ್ಯಾಕ್ಟರಿಯವರು ಪುಕ್ಕಟೆ ಕೊಟ್ಟ ಎರಡನೇ ದರ್ಜೆಯ ಮಾಲು.
ಮುಳ್ಳು ಮೂರರ ಮೇಲೆ. ವರ್ಷ ಸೊನ್ನೆ ಐದು.
ನಾನು ಹುಟ್ಟಿದ ಮಾರ್ಚಿ!
ಇದು ನಿನ್ನ ಕೈಯದೇ ಅಲ್ಲವಾ ಅಮ್ಮ?
ಅಳಲು ಸಿದ್ಧಳಾಗಿಯೇ ಕೇಳಿದ್ದೆ.

ಅಮ್ಮ ಕನ್ನಡಕ ಹುಡುಕಲಿಲ್ಲ.
ಹೆಬ್ಬೆರಳನ್ನು ಅಂಚಿನ ಮೇಲೆ ಒಂದು ಸುತ್ತು ಓಡಿಸಿ
ಥೂ, ನನ್ನದಲ್ಲ, ಎಂದಳು.
ಆ ತಿಂಗಳು ನಾನು ನಿನ್ನ ಹಡೆದು ಮಲಗಿದ್ದೆ.
ಇಲ್ಲಿ ನೋಡು ಇರೀಯ, ಕಿವಿಯ ಹತ್ತಿರ
ಚಾಕು ಎತ್ತಿಬಿಟ್ಟಿದ್ದಾಳೆ. ಒತೀಲಿಯ.
ಅವಳಿಗೆ ಯಾವಾಗಲೂ ಬಸ್ಸು ತಪ್ಪುವ ಭಯ.
ಇನ್ನೊಮ್ಮೆ ಸವರಿದಳು, ಈ ಸಲ ಮೆಲ್ಲಗೆ.
ನಿನ್ನ ತೊಡೆ ತರಚುತ್ತಿದ್ದುದು ಇದೇ.
ನಾನು ಸೋಪನ್ನು ಬೈದಿದ್ದೆ.

ಸೋಮವಾರ ಆ ತೊಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು
ಬಸ್ಸಿನಲ್ಲಿ ಹೋದೆ. ಎರಡು ಸೀಟಿನ ಜಾಗ ಹಿಡಿಯಿತು.
ಮೇಷ್ಟ್ರು ತಿರುಗಿಸಿ ತಿರುಗಿಸಿ ನೋಡಿದರು.
ವಸ್ತು? ಪಾಲಿಪ್ರೊಪಿಲೀನ್.
ಒಳಬಂದದ್ದು ಎಲ್ಲಿಂದ?
ಹೊಕ್ಕುಳಿಂದ, ಎಂದೆ. ಯಾರೂ ನಗಲಿಲ್ಲ,
ವಲೆಂತಿಂ ಬರೆದೇಬಿಟ್ಟ.
ದೋಷ? ಕಿವಿಯ ಬಳಿ ಮೂರು ಬೆರಳಷ್ಟು ಗಡ್ಡ.
ಕಾರಣ?

ಅಚ್ಚಿನ ಸವೆತ, ಬಿಗಿತದ ಕೊರತೆ,
ಹೀಗೆ ಪುಸ್ತಕದಲ್ಲಿ ನಾಲ್ಕು ಕಾರಣಗಳಿದ್ದವು.
ನನಗೆ ಕಂಡದ್ದು
ಬೆಳಗಿನ ಆರು ಗಂಟೆ,
ಕೋಟಿನ ಒಂದೇ ತೋಳು ತೊಟ್ಟು
ನಿಲ್ದಾಣದ ಕಡೆ ಓಡುತ್ತಿರುವ ಒಬ್ಬಳು.